ಗದ್ದೆಗೆಷ್ಟು ಮಾತ್ರೆ?

ನಮ್ಮ ಚಿಕ್ಕಪ್ಪನಿಗೆ ಎರಡು ಮಾತ್ರೆ ಕಮ್ಮಿ ಎಂದು ಮಳವಳ್ಳಿಯ ಅರ್ಧ ಜನ ನಂಬಿದ್ದಾರೆ. ಇಲ್ಲ ಇಲ್ಲ, ಎರಡು ಮಾತ್ರೆ ಜಾಸ್ತಿಯಾಗಿಯೇ ಹೀಗಾಗಿದ್ದು ಎನ್ನುವುದು ಉಳಿದರ್ಧ ಜನರ ವಾದ. ನೀವು ಔಷಧಿ ಅಂಗಡಿಯ ಮಾತ್ರೆ ಅಂದುಕೊಂಡಿರಾ? ಅಲ್ಲ ಸ್ವಾಮಿ, ಇದು ಛಂದಸ್ಸಿನ ಮಾತ್ರೆ!

ಚಿಕ್ಕಪ್ಪ ಬೋರ್ಡ್ ಬರೆಯುವ ಪೇಂಟರ್. ಓದಿದ್ದು ಏಳನೇ ಕ್ಲಾಸು. ಹುಡುಗನಾಗಿದ್ದಾಗ ಯಾವುದೋ ಹೈಸ್ಕೂಲಿನವರು ಕರೆದು, ಮಕ್ಕಳ ಕಣ್ಣಿಗೆ ಸದಾ ಬೀಳಲಿ ಎಂದು ಗೋಡೆಯ ತುಂಬಾ ಛಂದಸ್ಸು, ಅಲಂಕಾರಗಳ ಪಟ್ಟಿ ಬರೆಸಿದರಂತೆ. ಒಂದು ತಿಂಗಳ ಕೆಲಸ. ಆ ಗೋಡೆಯನ್ನು ಓದಿ ಎಷ್ಟು ಮಕ್ಕಳು ಪಾಸಾದರೋ ಗೊತ್ತಿಲ್ಲ, ಬರೆದವನಿಗೆ ಮಾತ್ರ ಹುಚ್ಚು ಹತ್ತಿಕೊಂಡಿತು. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು, ಒತ್ತಕ್ಷರದ ಹಿಂದೆ ಕೂತ ಅಕ್ಷರವೂ ಗುರು. ಇಷ್ಟು ಗೊತ್ತಾದದ್ದೇ ತಡ, ಲೋಕದಲ್ಲಿ ಯಾರು ಏನು ಮಾತಾಡಿದರೂ ಬೆರಳು ಮಡಚಿ ಎಣಿಸತೊಡಗಿದ!

ಬಸ್ಸಿನಲ್ಲಿ ಅವನ ಪಕ್ಕ ಕೂರುವ ಶಿಕ್ಷೆ ಚಿಕ್ಕಂದಿನಲ್ಲಿ ನನಗೇ ಬೀಳುತ್ತಿತ್ತು. ಕಂಡಕ್ಟರ್ ಬಂದು "ಎಲ್ಗೆ?" ಅಂದರೆ ಮಂಡ್ಯ ಎನ್ನಬಾರದೇ?

"ಮೂರು ಮಾತ್ರೆ ಊರ್ಗೆ ಒಂದೂವರೆ ಟಿಕೆಟ್ ಕೊಡಪ್ಪ."

"ಮೆಡಿಕಲ್ ಸ್ಟೋರಿಗಾ?"

"ಅಲ್ಲ ಕಣಯ್ಯ. ಮದ್ದೂರು ಐದು ಮಾತ್ರೆ. ಮಳವಳ್ಳಿ ಐದು ಮಾತ್ರೆ. ಕೆರಗೋಡು, ಕೊತ್ತತ್ತೀನೂ ಐದೈದೇ. ಮಂಡ್ಯ ನೋಡುದ್ರೆ ಬರೀ ಮೂರು! ಇದುನ್ನ ತಂದು ಜಿಲ್ಲಾ ಕೇಂದ್ರ ಮಾಡವ್ರಲ್ಲ, ಯಾರಾದ್ರೂ ಕೇಳುದ್ರಾ?"

ಬಸ್ಸಿಗೆ ಬಸ್ಸೇ ನಗುತ್ತಿತ್ತು. ನಾನು ಕಿಟಕಿಯಾಚೆ ಮುಖ ಹಾಕಿ, ಕಬ್ಬಿನ ಗದ್ದೆಗಳನ್ನು ಈ ಜನ್ಮದಲ್ಲಿ ನೋಡಿಯೇ ಇಲ್ಲವೆಂಬಂತೆ ನೋಡುತ್ತಿದ್ದೆ.

ಅವನ ಕೆಲಸದ ರೀತಿಯಂತೂ ಕೇಳಲೇಬೇಡಿ. ಗಿರಾಕಿ ಕೊಟ್ಟ ಒಕ್ಕಣೆ ಛಂದಸ್ಸಿಗೆ ಕೂರದಿದ್ದರೆ ಕುಂಚ ಮುಟ್ಟುವುದಿಲ್ಲ. ಒಮ್ಮೆ ಗ್ಯಾರೇಜಿನ ರಫೀಕಣ್ಣ 'ಇಲ್ಲಿ ಪಂಚರ್ ಹಾಕಲಾಗುವುದು' ಎಂದು ಬರೆಯಲು ಹೇಳಿ ಊಟಕ್ಕೆ ಹೋದ. ಬಂದು ನೋಡಿದರೆ ಬೋರ್ಡಿನ ಮೇಲೆ ಹೊಳೆಯುವ ಹಳದಿಯಲ್ಲಿ ಹೀಗಿತ್ತು:

ಪಂಚರ್ ಆಯಿತೆ? ಚಿಂತೆಯ ಬಿಡಿರೈ!
ಗಾಳಿಯ ಹೊಡೆವನು ನಮ್ಮ ರಫೀಕಂ!

"ಅಣ್ಣೋ, ನಮ್ಮೆಸ್ರು ರಫೀಕು. ಈ ಸೊನ್ನೆ ಯಾಕಣ್ಣೋ?"

"ಒಂದ್ ಮಾತ್ರೆ ಕಮ್ಮಿ ಬಿದ್ದಿತ್ತು ಕಣ್ಲಾ. ಸೊನ್ನೆ ಇಟ್ಟೆ, ಸರಿಯಾಯ್ತು. ಇದು ಮಂದಾನಿಲ ರಗಳೆ. ಮಂದಾನಿಲ ಅಂದ್ರೆ ಮೆಲ್ಲಗೆ ಬೀಸೋ ಗಾಳಿ. ಪಂಚರಿಗೆ ಇದ್ಕಿಂತ ಒಳ್ಳೇ ಛಂದಸ್ಸು ಸಿಕ್ಕುತ್ತಾ ಹೇಳು?"

ರಫೀಕಣ್ಣ ಒಳ್ಳೆಯವನು, ಬೋರ್ಡು ಹಾಗೇ ಉಳಿಸಿಕೊಂಡ. ಅಂದಿನಿಂದ ಊರಿನವರಿಗೆ ಅವನು ರಫೀಕಂ, ನಮ್ಮ ಚಿಕ್ಕಪ್ಪ ರಗಳೆ ಪೇಂಟರ್. ನಾನೋ, ರಗಳೆ ಪೇಂಟರ್ ಮಗಳು! ಅಣ್ಣನ ಮಗಳು ಎಂದು ತಿದ್ದಿ ತಿದ್ದಿ ಸಾಕಾಗಿ, ಹೈಸ್ಕೂಲಿಗೆ ಹೋಗುವಾಗ ಆ ಗ್ಯಾರೇಜಿನ ರಸ್ತೆಯನ್ನೇ ಬಿಟ್ಟೆ. ಸುತ್ತು ದಾರಿ ಹಿಡಿದು ದಿನವೂ ಪ್ರಾರ್ಥನೆಗೆ ತಡವಾಗಿ ಏಟು ತಿಂದೆ. ಏಟೇ ವಾಸಿ ಅನಿಸುತ್ತಿತ್ತು.

ಮನೆಯಲ್ಲಿ ಚಿಕ್ಕಮ್ಮನಿಗೆ ಬೈಯುವ ಸುಖವೂ ಇರಲಿಲ್ಲ. "ನಿನ್ ಮೊಖ ನೋಡು, ಸುಟ್ಟ ಬದ್ನೇಕಾಯಿ ಇದ್ದಂಗದೆ!" ಎಂದು ಆಕೆ ಹೊಟ್ಟೆಯೊಳಗಿನಿಂದ ಬೈದರೆ ಈತ ಕುಂಚ ತೊಳೆಯುತ್ತಾ, "ಉಪಮೇಯ ಅದೆ, ಉಪಮಾನ ಅದೆ, ಇದ್ದಂಗೆ ಅನ್ನೋ ವಾಚಕ ಪದಾನೂ ಅದೆ. ಸಮಾನ ಧರ್ಮ ಎಲ್ಲಮ್ಮಿ? ಕಪ್ಪಗೆ ಅಂತ ಸೇರುಸ್ಬೇಕಿತ್ತು. ಈಗ ಇದು ಲುಪ್ತೋಪಮೆ ಆಗೋಯ್ತು" ಎನ್ನುತ್ತಿದ್ದ.

"ನೀನೊಂದು ಕತ್ತೆ!"

"ಆಹಾ, ರೂಪಕ! ಈಗ ಸುಧಾರಿಸ್ದೆ ನೋಡು."

ಚಿಕ್ಕಮ್ಮ ಚೊಂಬು ಎತ್ತಿ ಎಸೆದಳು. ಅದು ಯಾವ ಅಲಂಕಾರವೋ, ಹಣೆಯ ಮೇಲೆ ವಾರವಿಡೀ ಇತ್ತು.

ಇಷ್ಟೆಲ್ಲ ನಗುತ್ತಾ ಹೇಳುತ್ತಿದ್ದೇನಲ್ಲ, ನಾನು ಕನ್ನಡ ಎಂ.ಎ. ಪಾಸಾದದ್ದು ಯಾರಿಂದ? ಪದವಿ ತರಗತಿಯಲ್ಲಿ ಛಂದಸ್ಸು ತಲೆಗೆ ಹತ್ತದೆ ಅಳುತ್ತಾ ಕೂತಿದ್ದಾಗ, ಅಂಗಳದ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಗಣ ವಿಂಗಡಿಸಲು ಕಲಿಸಿದವನು ಇವನೇ. ಮಂಡ್ಯದ ಕಾಲೇಜೊಂದರಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಾಗ ನಾನಿದನ್ನು ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕು, ಯಾರೂ ಕೇಳಿರಲಿಲ್ಲವಲ್ಲ!

ಹೋದ ವರ್ಷ ಕಾಲೇಜಿನಲ್ಲಿ 'ಸಾಹಿತ್ಯ ಪರಿಭಾಷೆ' ಎಂದು ಒಂದು ದಿನದ ಕಾರ್ಯಾಗಾರ ಇಟ್ಟುಕೊಂಡರು. ಮೊದಲ ಪಾಠ ನನ್ನದು. ಹೊರಗಿನಿಂದ ಹಿರಿಯ ಪ್ರಾಧ್ಯಾಪಕರೊಬ್ಬರು ಅತಿಥಿಯಾಗಿ ಬಂದಿದ್ದರು. ಹೊಸ ರೇಷ್ಮೆ ಸೀರೆಯುಟ್ಟು ನಾನು ಬಾಗಿಲಲ್ಲಿ ಪ್ರಿನ್ಸಿಪಾಲರೊಂದಿಗೆ ಅವರನ್ನು ಸ್ವಾಗತಿಸುತ್ತಿದ್ದೇನೆ, ಕಾರಿಡಾರಿನ ಕೊನೆಯಲ್ಲಿ ಯಾರು? ಚಿಕ್ಕಪ್ಪ! ಮೊಣಕೈವರೆಗೆ ಬಣ್ಣದ ಕಲೆ, ಹೆಗಲಲ್ಲಿ ಕುಂಚಗಳ ಚೀಲ, ಮುಖದ ತುಂಬಾ ನಗು. ಅಮ್ಮನಿಂದ ಸುದ್ದಿ ತಿಳಿದು, ಮದ್ದೂರಿನ ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದ್ದನಂತೆ.

"ಯಾರು ಮೇಡಂ ಇವರು?" ಪ್ರಿನ್ಸಿಪಾಲರು ಕೇಳಿದರು.

ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲು ಈಗಲೂ ಕೈ ಬರುವುದಿಲ್ಲ. ಆದರೆ ಬರೆಯಲೇಬೇಕು.

"ಬೋರ್ಡ್ ಬರೆಯೋರು ಸರ್. ಕೆಲಸ ಏನಾದ್ರೂ ಇದೆಯಾ ಅಂತ ಕೇಳೋಕೆ ಬಂದಿರ್ಬೇಕು."

ಅಷ್ಟರಲ್ಲಿ ಚಿಕ್ಕಪ್ಪ ಎರಡೇ ಹೆಜ್ಜೆ ದೂರಕ್ಕೆ ಬಂದಿದ್ದ. ಮುಖದ ಮೇಲಿನ ನಗು ಒಂದು ಕ್ಷಣ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ಆಮೇಲೆ ಪ್ರಿನ್ಸಿಪಾಲರಿಗೆ ಕೈ ಮುಗಿದ.

"ಔದು ಸಾ. ಬೋರ್ಡಿನ ಕೆಲ್ಸ ಐತಾ ಅಂತ ಬಂದೆ. ಮೇಡಮ್ನೋರು ಪಾಠ ಮುಗ್ಸೋಗಂಟ ಇಲ್ಲೇ ಇಂದ್ಗಡೆ ಕೂತಿರ್ಲಾ?"

ಮೇಡಮ್ನೋರು! ನಾನು ಎಳೆಮಗುವಾಗಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಸುತ್ತಿದವನು! ಅವನು ಹೋಗಿ ಕೊನೆಯ ಬೆಂಚಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ನಾನು ಕಪ್ಪು ಹಲಗೆಯ ಮೇಲೆ ಬರೆದೆ: 'ಕಬ್ಬಿನ ಗದ್ದೆಗೆ ನಾಲೆಯ ನೀರದು'. ನಾಲ್ಕು ಗಣ, ಒಂದೊಂದಕ್ಕೆ ನಾಲ್ಕು ಮಾತ್ರೆ, ಒಟ್ಟು ಹದಿನಾರು ಎಂದು ಘೋಷಿಸಿ ಅಕ್ಷರಗಳ ಮೇಲೆ ಗುರುತು ಹಾಕುತ್ತಾ ಹೋದೆ. ಮನಸ್ಸು ಕೊನೆಯ ಬೆಂಚಿನಲ್ಲಿತ್ತು. ಮುಗಿಸಿ ತಿರುಗಿದರೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು.

"ಮೇಡಂ, ಹದಿನೈದೇ ಬರ್ತಿದೆ."

ಎಣಿಸಿದೆ. ಹದಿನೈದು. ಮತ್ತೆ ಎಣಿಸಿದೆ. ಹದಿನೈದೇ! ಅತಿಥಿಗಳು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದರು. ಹಿಂದೆ ಗುಸುಗುಸು ಎದ್ದಿತು. ನನಗೆ ಹಲಗೆಯ ಮೇಲಿನ ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಾಣತೊಡಗಿದವು.

"ಸಾ, ಒಂದ್ ಡೌಟು!"

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಚಿಕ್ಕಪ್ಪ ಚೀಲವನ್ನು ಎದೆಗವಚಿಕೊಂಡು ಎದ್ದು ನಿಂತಿದ್ದ.

"ನಾನು ಓದ್ದೋನಲ್ಲ ಸಾ. ಆಗ್ಲಿಂದ ಲಘು ಲಘು ಅಂತಾವ್ರೆ. ಉಪಾಹಾರ ಯಾವಾಗ ಕೊಡ್ತೀರಿ?"

ನಗುವಿಗೆ ಚಾವಣಿ ಹಾರಿಹೋಗುವಂತಾಯಿತು. ಅವನು ಬಿಡಲಿಲ್ಲ. "ಇನ್ನೊಂದು ಮೇಡಮ್ನೋರೆ, ಆ ಗದ್ದೆ ಮೊದ್ಲಕ್ಷರನ ಲಘು ಅಂದ್ಬುಟ್ರಲ್ಲ! ಗದ್ದೆ ಅಷ್ಟು ಅಗುರನಾ? ಒಂದ್ಸಲ ಉತ್ತು ನೋಡಿ, ಎಷ್ಟು ಭಾರ ಅಂತ ಗೊತ್ತಾಯ್ತದೆ!"

ಹುಡುಗರು ಬೆಂಚು ಬಡಿದು ನಕ್ಕರು. ಅತಿಥಿಗಳೂ ನಕ್ಕರು. ನಾನು ಹಲಗೆ ನೋಡಿದೆ. 'ಗದ್ದೆ'ಯ ಗ! ಮುಂದೆಯೇ ಒತ್ತಕ್ಷರ ಕೂತಿದೆ, ನಾನು ಲಘು ಹಾಕಿದ್ದೇನೆ! ಎಲ್ಲರ ಕಣ್ಣು ಅವನ ಮೇಲಿರುವಾಗಲೇ ಡಸ್ಟರಿನಿಂದ ಒರೆಸಿ ಗುರು ಹಾಕಿದೆ. ಹದಿನಾರು.

ಅಲ್ಲಿಗಾದರೂ ನಿಲ್ಲಿಸಿದೆನಾ? "ಯಾರು ಗುರುತಿಸ್ತೀರಿ ನೋಡೋಣ ಅಂತ ಬೇಕೆಂದೇ ತಪ್ಪು ಹಾಕಿದ್ದೆ" ಎಂದೆ! ಚಪ್ಪಾಳೆ ಬಿತ್ತು. ಪ್ರಿನ್ಸಿಪಾಲರು ಅಟೆಂಡರ್‌ಗೆ ಸನ್ನೆ ಮಾಡಿದರು, "ಆ ಪೇಂಟರನ್ನ ಆಚೆ ಕಳಿಸಪ್ಪ" ಎಂದು. ಅಟೆಂಡರ್ ಬರುವ ಮೊದಲೇ ಚಿಕ್ಕಪ್ಪ ಬಾಗಿಲು ದಾಟಿದ್ದ.

ಪಾಠ ಮುಗಿಸಿದವಳೇ ಬಸ್ ಸ್ಟಾಂಡಿಗೆ ಓಡಿದೆ. ಮಳವಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ. ನನ್ನನ್ನು ಕಂಡು ಗಾಬರಿಯಾಗಿ ತಲೆ ಹೊರಗೆ ಹಾಕಿದ.

"ಯಾಕ್ ಮಗಾ ಬಿಸ್ಲಲ್ಲಿ ಬಂದೆ? ಪಾಠ ಚೆಂದಾಗ್ ಮಾಡ್ದೆ. ಆ ಗದ್ದೆ ಬುಡು, ನಂಗೂ ಮೊದಮೊದ್ಲು ತಪ್ತಿತ್ತು."

"ಚಿಕ್ಕಪ್ಪ, ನಾನು ಹಾಗೆ ಹೇಳಬಾರದಿತ್ತು."

"ಏನಂದೆ? ಬೋರ್ಡ್ ಬರೆಯೋನು ಅಂದೆ. ಸುಳ್ಳಾ? ಇದ್ದುದ್ದ ಇದ್ದಂಗೆ ಹೇಳುದ್ರೆ ಅದು ಸ್ವಭಾವೋಕ್ತಿ ಅಲಂಕಾರ ಕಣವ್ವ. ಅದ್ರಲ್ಲಿ ತಪ್ಪೇನದೆ?"

ನಗಿಸಲೆಂದೇ ಹೇಳಿದ. ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ "ಮೇಡಂ" ಎಂದರು. ಹದಿನೈದು ಎಣಿಸಿದ ಅದೇ ಹುಡುಗಿ, ಅವಳ ಜೊತೆ ನಾಲ್ಕೈದು ಗೆಳತಿಯರು. ಕಾರ್ಯಾಗಾರ ತಪ್ಪಿಸಿಕೊಂಡು ಬಸ್ಸಿಗೆ ಬಂದಿದ್ದರು. ಅವಳು ಕಿಟಕಿಯತ್ತ ನೋಡಿ ನಗು ತಡೆದುಕೊಂಡು, "ಇವರು ಅವರೇ ಅಲ್ವಾ ಮೇಡಂ? ಉಪಾಹಾರ ಕೇಳಿದೋರು?" ಅಂದಳು.

"ನಮ್ಮ ಚಿಕ್ಕಪ್ಪ" ಎಂದೆ. ಮಾತು ಅಲ್ಲಿಗೇ ನಿಲ್ಲಲಿಲ್ಲ. "ಚಿಕ್ಕಪ್ಪ ಇವರು ನನಗೆ ಛಂದಸ್ಸು ಹೇಳಿಕೊಟ್ಟಿದ್ದು ಇವರೇ ಆ ತಪ್ಪು ನಾನು ಬೇಕಂತ ಹಾಕಿದ್ದಲ್ಲ ನಿಜವಾಗಿ ತಪ್ಪಿತ್ತು ಅದನ್ನ ತೋರಿಸೋಕೆ ಇವರು ಎಲ್ಲರ ಮುಂದೆ..."

ಹುಡುಗಿಯರ ನಗು ನಿಂತಿತು. ಬಸ್ಸು ಸ್ಟಾರ್ಟ್ ಆಯಿತು. ಬಣ್ಣ ಮೆತ್ತಿದ ಒರಟು ಕೈಯೊಂದು ಕಿಟಕಿಯಿಂದ ಇಳಿದು ಬಂದು ನನ್ನ ತಲೆಯ ಮೇಲೆ ಕೂತಿತು.

"ಒಂದೇ ಉಸುರ್ಗೆ ಹೇಳ್ಬ್ಯಾಡ ಕಣವ್ವಾ" ಎಂದ ಚಿಕ್ಕಪ್ಪ. "ನಡೂಕೆ ಯತಿ ಅಂತ ಒಂದದೆ. ನಿಲ್ಸು. ಉಸುರು ತಕ್ಕೋ."