ಒಂದು ಹೆಬ್ಬೆರಳಿನ ಸತ್ಯಾಗ್ರಹ

ಎಂಟು ಸಾವಿರ ಕಾರ್ಮಿಕರನ್ನು ಕಾರ್ಖಾನೆಯ ಗೇಟಿನ ಮುಂದೆ ಐವತ್ತೆಂಟು ದಿನ ಕೂರಿಸಿ, ಒಂದೇ ಒಂದು ಗಾಜು ಒಡೆಯದ ಹಾಗೆ ನೋಡಿಕೊಂಡವನು ನಾನು. ಅಂಥವನಿಗೆ ಒಂದು ಲೀಟರ್ ಆಯಿಲ್ ಯಾವ ಲೆಕ್ಕ! ನನ್ನ ಬೈಕಿನ ಆಯಿಲನ್ನು ನಾನೇ, ನಮ್ಮ ಅಂಗಳದಲ್ಲೇ, ನೆಲಕ್ಕೆ ಒಂದು ಹನಿಯೂ ಬೀಳದಂತೆ ಬದಲಾಯಿಸುತ್ತೇನೆ ಎಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಘೋಷಿಸಿದೆ. ಸಭೆಗೆ ಹಾಜರಿದ್ದವಳು ಹೆಂಡತಿ ಒಬ್ಬಳೇ. ಚಪ್ಪಾಳೆ ಬೀಳಲಿಲ್ಲ.

ನಿಜ ಹೇಳಿಬಿಡುತ್ತೇನೆ. ಬೈಕಿಗೆ ಅಂಥ ಅವಸರವೇನೂ ಇರಲಿಲ್ಲ. ಅವಸರ ಇದ್ದದ್ದು ನನಗೆ, ಅಡುಗೆಮನೆಯಿಂದ ತಪ್ಪಿಸಿಕೊಳ್ಳಲು.

"ರೀ, ನನ್ನ ತಮ್ಮ ಇವತ್ತು ಊರು ಬಿಡ್ತಿದ್ದಾನೆ," ಎಂದು ಶುರುಮಾಡಿದ್ದಳು. "ಮಗಳ ಮನೆಗೆ. ಇನ್ನು ಅಲ್ಲೇ ಇರೋದಂತೆ. ಒಂದು ಗಂಟೆಗೆ ಬಸ್ಸು. ನಾವು ಕರೀತೀವೇನೋ ಅಂತ ಎರಡು ಗಂಟೆ ಮುಂಚೆನೇ ಬಂದು ತಿರುವಿನ ಬಸ್ ಸ್ಟಾಪಲ್ಲಿ ಕೂತಿದ್ದಾನೆ. ಒಂದು ಊಟ ಮಾಡ್ಕೊಂಡು ಹೋಗ್ಲಿ."

"ಆ ದ್ರೋಹಿ ಈ ಹೊಸ್ತಿಲು ತುಳಿಯೋ ಹಾಗಿಲ್ಲ!"

"ಮೂವತ್ತೊಂದು ವರ್ಷ ಆಯ್ತು ರೀ."

"ನೂರ ಮೂವತ್ತೊಂದಾದ್ರೂ ಅಷ್ಟೇ. ನನಗೆ ಆಯಿಲ್ ಬದಲಾಯಿಸೋದಿದೆ."

ಅವನ ದ್ರೋಹವೇನೆಂದು ನಿಮಗೂ ತಿಳಿದಿರಲಿ. ಅದೇ ಮುಷ್ಕರದ ನಲವತ್ತನೆಯ ದಿನ ಅವನು ತಲೆ ತಗ್ಗಿಸಿಕೊಂಡು ಗೇಟಿನೊಳಗೆ ನಡೆದುಬಿಟ್ಟ. ಕೆಲಸಕ್ಕೆ ಬಂದವರ ಮನೆಯವರನ್ನು ಮಾತ್ರ ಕಂಪನಿ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದರು. ಅವನ ಹೆಂಡತಿಗೆ ಹೆರಿಗೆ ನೋವು ಎದ್ದು ಎರಡು ದಿನವಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ವಿರುದ್ಧ ಮೊದಲ ಧಿಕ್ಕಾರ ಕೂಗಿದವನು ನಾನೇ. ಆವತ್ತು ಹುಟ್ಟಿದ ಮಗಳ ಮನೆಗೇ ಈಗ ಅವನು ಹೊರಟಿದ್ದ.

ಇರಲಿ, ಆಯಿಲ್ ವಿಷಯಕ್ಕೆ ಬರೋಣ. ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಏರಿಸಿದೆ. ಅಡಿಯಲ್ಲಿ ಹಳೇ ಪತ್ರಿಕೆ ನಾಲ್ಕು ಪದರ, ಪತ್ರಿಕೆಯ ಮೇಲೆ ಹಳೇ ಬೇಸಿನ್ನು. ಎಂಜಿನ್ನಿನ ತಳದ ಬೋಲ್ಟು ಬಿಚ್ಚಿದ್ದೇ ತಡ, ಕಪ್ಪು ಆಯಿಲ್ ಶಿಸ್ತಿನ ಕಾರ್ಯಕರ್ತನ ಹಾಗೆ ನೆಟ್ಟಗೆ ಬೇಸಿನ್ನಿಗೇ ಇಳಿಯಿತು. ಒಂದು ಹನಿ ಆಚೆ ಇಲ್ಲ, ಈಚೆ ಇಲ್ಲ! ಬೇಸಿನ್ನನ್ನು ಎರಡೂ ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ಅಂಗಳದ ಆ ತುದಿಯ ಗೋಡೆಯ ಬುಡದಲ್ಲಿಟ್ಟೆ. ಬೋಲ್ಟು ಕಳೆಯಬಾರದಲ್ಲ, ಅದನ್ನು ಕಿಟಕಿಯ ಮೇಲೆ ಭದ್ರಪಡಿಸಿದೆ. ಲಾಳಿಕೆ ಇಟ್ಟು, ಜೇನಿನಂಥ ಹೊಸ ಆಯಿಲನ್ನು ಮೇಲಿನಿಂದ ಸುರಿಯತೊಡಗಿದೆ.

ನಾನು ಮರೆತದ್ದೇನೆಂದು ನಿಮಗೆ ಹೊಳೆದಿರಬೇಕು. ನನಗೆ ಹೊಳೆದದ್ದು ಡಬ್ಬಿ ಪೂರ್ತಿ ಖಾಲಿಯಾದ ಮೇಲೆ. ತಳದ ತೂತು ಹಾಗೇ ಬಾಯಿ ತೆರೆದುಕೊಂಡಿತ್ತು!

ಲಾಠಿ ಬೀಸಿದಾಗಲೂ ಅಷ್ಟು ಬೇಗ ನೆಲಕ್ಕೆ ಬಿದ್ದವನಲ್ಲ. ಪತ್ರಿಕೆಯ ಮೇಲೆ ಅಂಗಾತ ಮಲಗಿ, ಎಂಜಿನ್ನಿನ ಅಡಿಗೆ ಕೈ ತೂರಿಸಿ, ಹೆಬ್ಬೆರಳನ್ನು ತೂತಿಗೆ ಒತ್ತಿ ಹಿಡಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು! ಬೆರಳು ತೆಗೆದರೆ ನೆಲ ಹೋಯಿತು, ನೆಲ ಹೋದರೆ ಮಾನ ಹೋಯಿತು.

"ಲೇ! ಬಾರೇ! ಬೇಗ ಬಾ!"

ಅವಳು ಸೆರಗಿಗೆ ಕೈ ಒರೆಸುತ್ತ ಬಂದು, ನಿಂತು, ನೋಡಿದಳು.

"ಏನ್ರೀ, ಬೈಕಿಗೆ ನಾಡಿ ಹಿಡಿದು ನೋಡ್ತಿದೀರಾ?"

"ಹಾಸ್ಯ ಸಾಕು. ಕಿಟಕಿ ಮೇಲೆ ಬೋಲ್ಟಿದೆ, ಕೊಡು."

ಬೋಲ್ಟು ಅವಳ ಮುಷ್ಟಿಗೆ ಹೋಯಿತು. ನನ್ನ ಕೈಗೆ ಬರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ನನ್ನ ತಲೆಯ ಬಳಿಯೇ ಕೂತಳು.

"ಕೊಡ್ತೀನಿ. ನನ್ನದೊಂದು ಬೇಡಿಕೆ ಇದೆ. ತಮ್ಮ ಊಟಕ್ಕೆ ಬರಬೇಕು."

"ಇದು ಬ್ಲ್ಯಾಕ್‌ಮೇಲು!"

"ನೀವು ಮ್ಯಾನೇಜರನ್ನ ಹದಿನಾರು ಗಂಟೆ ಕಕ್ಕಸಿಗೂ ಬಿಡದೆ ಕೂರಿಸಿದ್ರಲ್ಲ, ಅದಕ್ಕೇನಂತಿದ್ರಿ?"

"ಅದು... ಘೇರಾವ್."

"ಇದೂ ಅದೇ. ನಾನು ಒಬ್ಬಳೇ ಮಾಡ್ತಿದೀನಿ, ಅಷ್ಟೇ ವ್ಯತ್ಯಾಸ."

ಸಂಧಾನದಲ್ಲಿ ಮೊದಲ ಸುತ್ತಿಗೇ ಒಪ್ಪಿಕೊಳ್ಳುವವನು ಮುಠ್ಠಾಳ; ಇದು ನಾನು ಎಷ್ಟೋ ಜನಕ್ಕೆ ಕಲಿಸಿದ ಪಾಠ. ಮಲಗಿಕೊಂಡಿದ್ದರೇನು, ಅನುಭವ ಎದ್ದೇ ನಿಂತಿತ್ತು! ಗೇಟಿನ ಹೊರಗೆ ನಿಂತು ಮಾತಾಡಿಸಿ ಹೋಗಲಿ ಎಂದೆ. ಅವಳು ಆಗದೆಂದು ತಲೆಯಾಡಿಸಿದಳು. ತತ್ವ, ಒಗ್ಗಟ್ಟು, ಇತಿಹಾಸ ಎಂದು ಹತ್ತು ನಿಮಿಷ ಮಾತಾಡಿ, ಅಂಗಳಕ್ಕೆ ಬರಬಹುದು, ಕೂರುವ ಹಾಗಿಲ್ಲ ಎಂದೆ. ಮತ್ತೆ ಹತ್ತು ನಿಮಿಷ. ಮೆಟ್ಟಿಲ ಮೇಲೆ ಕೂರಬಹುದು, ಒಂದು ಲೋಟ ನೀರು. ಆಮೇಲೆ ನೀರಿನಿಂದ ಚಹಾಕ್ಕೆ ಬಂದೆ. ಚಹಾದ ಜೊತೆ ಬಿಸ್ಕತ್ತು ಕೊಡುವ ಪ್ರಶ್ನೆಯ ಮೇಲೆ ಮಾತುಕತೆ ಮುರಿದುಬಿತ್ತು. ಬೆರಳು ಮರಗಟ್ಟಿತ್ತು. ಬೆನ್ನು, ಸೊಂಟ ಎಲ್ಲ ಒದ್ದೆ. ಹೋರಾಟದ ಬೆವರು ಅಂದುಕೊಂಡೆ.

"ಗಂಟೆ ಹನ್ನೆರಡೂ ಮುಕ್ಕಾಲು," ಎಂದಳು.

"ಒಳಗೇ ಬಂದು ಉಣ್ಣಲಿ, ನಾನು ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಇರ್ತೀನಿ."

"ಊಹೂಂ. ನೀವು ಪಕ್ಕದಲ್ಲಿ ಕೂತು ಉಣ್ಣಬೇಕು."

"ಪರಿಶೀಲಿಸೋಣ."

"ಮ್ಯಾನೇಜರು ಈ ಮಾತು ಹೇಳಿದ ಅಂತ ಮನೆಗೆ ಬಂದು ಅವನ ವಂಶವನ್ನೆಲ್ಲ ಬೈತಿದ್ರಿ."

ಅವಳು ಅಂಗೈಯಲ್ಲಿ ಬೋಲ್ಟನ್ನು ತಿರುಗಿಸುತ್ತ, ನನ್ನ ಕಡೆ ನೋಡದೆ ಹೇಳಿದಳು: "ಅವತ್ತು ನಾನು ಆಸ್ಪತ್ರೆಯಲ್ಲಿ ನಾದಿನಿ ಪಕ್ಕದಲ್ಲಿದ್ದೆ. ಗೇಟಿನ ಕೂಗು ಒಳಗಿನವರೆಗೂ ಕೇಳಿಸ್ತಿತ್ತು. ಅವಳು ನೋವಲ್ಲೂ ಕೇಳಿದಳು, 'ಅತ್ತಿಗೆ, ಬೈತಿರೋದು ಯಾರನ್ನ?' ಅಂತ. ನಿಮ್ಮ ಗಂಟಲು ನನಗೆ ಗೊತ್ತಾಗಲ್ವಾ?"

ಮೂವತ್ತೊಂದು ವರ್ಷದಲ್ಲಿ ಇದನ್ನು ಅವಳು ಒಂದು ಸಲವೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

"ಆಯ್ತು. ಕರಿ," ಎಂದೆ.

"ಊಟಕ್ಕೆ?"

"ಊಟಕ್ಕೇ ಕಣೇ!"

ಬೋಲ್ಟು ಹಿಡಿದುಕೊಂಡೇ ಓಡಿದಳು. ನಾನು ತೂತನ್ನು ಕಾಯುತ್ತ ಮಲಗಿದೆ.

ಮೊದಲು ಕಂಡದ್ದು ಅವನ ಚಪ್ಪಲಿ. ಆಮೇಲೆ ಒಂದು ಬಟ್ಟೆಚೀಲ. ಆಮೇಲೆ ಮುಖ. ಕೊನೆಯ ಸಲ ಕಣ್ಣಿಟ್ಟು ನೋಡಿದಾಗ ಕರಿಮೀಸೆಯಿತ್ತು; ಈಗ ತಲೆಯೂ ಮೀಸೆಯೂ ಹತ್ತಿಯ ಹಾಗೆ. ಅವನು ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತ.

"ಭಾವ, ಚೆನ್ನಾಗಿದೀರಾ?"

"ಕಾಣ್ತಿಲ್ವಾ, ಎಷ್ಟು ಚೆನ್ನಾಗಿದೀನಿ ಅಂತ?"

ಬಗ್ಗಿ ಎಂಜಿನ್ನಿನ ಅಡಿಗೆ ನೋಡಿದ. ನನ್ನ ತೋಳು ನೋಡಿದ. ಇನ್ನಷ್ಟು ಬಗ್ಗಿ ನನ್ನ ಅಂಗಿ ನೋಡಿದ.

"ಭಾವ, ಬೆರಳು ತೆಗೀರಿ."

"ತೆಗೆದ್ರೆ ಎಲ್ಲಾ ಹೋಗುತ್ತಯ್ಯ!"

"ಒಳಗೆ ಏನೂ ಇಲ್ಲ ಭಾವ. ಯಾವಾಗಲೋ ಖಾಲಿಯಾಗಿದೆ."

ತೆಗೆದೆ. ಒಂದು ಹನಿ ಉದುರಲಿಲ್ಲ. ಆ ಒಂದು ಲೀಟರೂ ಸದ್ದಿಲ್ಲದೆ ನನ್ನ ಮಣಿಕಟ್ಟು, ಮೊಣಕೈ, ಕಂಕುಳು ದಾಟಿ, ಅಂಗಿಯಿಂದ ಚಡ್ಡಿಗೆ ಇಳಿದು, ಉಳಿದದ್ದು ನಾಲ್ಕು ಪದರ ಪತ್ರಿಕೆಯಲ್ಲಿ ಇಂಗಿಹೋಗಿತ್ತು. ನಾನು ಗಂಟೆಗಟ್ಟಲೆ ಪ್ರಾಣದ ಹಂಗು ತೊರೆದು ಕಾದದ್ದು ಬರಿದಾದ ತೂತನ್ನು!

ಅವನು ಅಕ್ಕನ ಕೈಯಿಂದ ಬೋಲ್ಟು ತೆಗೆದುಕೊಂಡು ತಿರುಗಿಸಿ, ಸ್ಪ್ಯಾನರಿನಲ್ಲಿ ಬಿಗಿದ. ಅರ್ಧ ನಿಮಿಷದ ಕೆಲಸ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

"ಊಟ ಮಾಡ್ಕೊಂಡು ಹೋಗಯ್ಯ," ಎಂದೆ. ಮೈಕಿಲ್ಲದೆ ಎಂಟು ಸಾವಿರ ಜನಕ್ಕೆ ಮುಟ್ಟುತ್ತಿದ್ದ ಗಂಟಲು, ಒಬ್ಬನಿಗೆ ಮುಟ್ಟಿಸಲು ಎರಡು ಸಲ ಕೆಮ್ಮಬೇಕಾಯಿತು.

"ಬಸ್ಸು ಬಂತಲ್ಲ ಭಾವ. ಇನ್ನೊಂದು ಸಲ."

ಆಯಿಲ್ ಸುರಿಯುತ್ತಿದ್ದ ಕೈ ಚಾಚಿದೆ. ಅವನು ಒಂದಿಷ್ಟೂ ಅಸಹ್ಯಪಡದೆ ಹಿಡಿದುಕೊಂಡ. ಹೆಂಡತಿ ಒಳಗಿನಿಂದ ಮೂರು ಡಬ್ಬಿಯ ಕ್ಯಾರಿಯರು ತಂದು ಅವನ ಕೈಗೆ ತಗುಲಿಸಿದಳು. ಅಕ್ಕ, ತಮ್ಮ ಇಬ್ಬರೂ ಓಡಿದರು. ಅವಳು ಒಬ್ಬಳೇ ವಾಪಸು ಬಂದಳು.

"ಬುತ್ತಿ ಯಾವಾಗ ಕಟ್ಟಿದೆ?" ಎಂದು ಕೇಳಿದೆ. "ಇಡೀ ಹೊತ್ತು ಇಲ್ಲೇ ಕೂತಿದ್ದೆಯಲ್ಲ?"

"ಬೆಳಿಗ್ಗೆನೇ, ನೀವು ಏಳೋಕೆ ಮುಂಚೆ," ಎಂದಳು. "ನೀವು ಒಪ್ಪೋದೂ ಬಸ್ಸು ಹೊರಡೋದೂ ಒಟ್ಟಿಗೇ ಆಗುತ್ತೆ ಅಂತ ನನಗೆ ಗೊತ್ತಿತ್ತು."