ಎಂಟು ಬೋಲ್ಟುಗಳ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಆಯಸ್ಸಿನಲ್ಲಿ ಒಂದೇ ಸಲ ನೋಡಿ ಒಪ್ಪಿಕೊಂಡಿದ್ದು ನಮ್ಮ ಚಿಕ್ಕಮ್ಮನನ್ನು ಮಾತ್ರ. ಅದೂ ಯಾಕೆ? ಹೆಣ್ಣು ನೋಡಲು ಹೋದ ದಿನ ಅಳತೆಯ ವರ್ನಿಯರ್ ಮನೆಯಲ್ಲೇ ಮರೆತಿದ್ದರಂತೆ!

ಹರಿಹರದ ಕಾರ್ಖಾನೆಯೊಂದರಲ್ಲಿ ಅವರು ಇನ್ಸ್‌ಪೆಕ್ಟರ್ ಆಗಿದ್ದರು. ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ, ಅದಕ್ಕಿಂತ ಖಡಕ್ಕು! ನಟ್ಟು ಬೋಲ್ಟುಗಳನ್ನು ನೋಡಿ ‘ಪಾಸು’, ‘ರಿಜೆಕ್ಟು’ ಅನ್ನುವ ಕೆಲಸ. ಬೋಲ್ಟಿಗೆ ನಟ್ಟು ಹಾಕಿ ಎರಡು ಬೆರಳಲ್ಲಿ ತಿರುಗಿಸಿದರೆ ಸಾಕು, ಕೂದಲೆಳೆಯಷ್ಟು ದೋಷವೂ ಸಿಕ್ಕಿಬೀಳುತ್ತಿತ್ತು. ನಿವೃತ್ತರಾದ ಮೇಲೂ ಚಟ ಹೋಗಲಿಲ್ಲ. ನನ್ನ ಮದುವೆಯಲ್ಲಿ ಹೋಳಿಗೆ ಎತ್ತಿ ಹಿಡಿದು, “ಒಂದು ಕಡೆ ದಪ್ಪ ಐತೆ” ಎಂದು ಬಡಿಸುವವರಿಗೆ ವಾಪಸ್ ಕೊಟ್ಟ ಮಹಾನುಭಾವರು.

ಇಂಥವರ ಮನೆಯಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು! ದಾವಣಗೆರೆಯ ಮಿಲ್ ಮಾಲೀಕರೊಬ್ಬರ ಶೆಡ್ಡಿನಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಗಾಡಿಯನ್ನು ಮದುವೆಯಾದ ಹೊಸತರಲ್ಲಿ ತಂದಿದ್ದರು. ಎರಡೇ ಸೀಟು. ಅಮಾವಾಸ್ಯೆ ಬಂತೆಂದರೆ ಚಿಕ್ಕಮ್ಮನನ್ನು ಕೂರಿಸಿಕೊಂಡು ಉಕ್ಕಡಗಾತ್ರಿಯ ಅಜ್ಜಯ್ಯನ ದರ್ಶನಕ್ಕೆ ಸವಾರಿ. ಸೀಟಿನ ಹಿಂದಿನ ಸಂದಿಯಲ್ಲಿ ಬುತ್ತಿಯ ಚೀಲದ ಜೊತೆ ಆಗಿನ್ನೂ ಪುಟ್ಟ ಹುಡುಗನಾಗಿದ್ದ ನಾನು. ಸೆರಗನ್ನು ತಲೆಗೆ ಬಿಗಿದುಕೊಂಡು, ಹೊಳೆಯ ಗಾಳಿಗೆ ಕಣ್ಣು ಕಿರಿದು ಮಾಡಿ ಚಿಕ್ಕಮ್ಮ ನಗುತ್ತಿದ್ದರಲ್ಲ, ಆ ನಗುವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ಇಂಜಿನ್ ಕೆಟ್ಟು ಕಾರು ವರ್ಷಗಟ್ಟಲೆ ನಿಂತಿತು. “ಇನ್ನೊಂದ್ಸಲ ಆ ಕಾರಾಗ ಅಜ್ಜಯ್ಯನ ಹತ್ರ ಕರ್ಕೊಂಡ್ ಹೋಗ್ರಿ, ಸಾಕು” ಎಂದು ಚಿಕ್ಕಮ್ಮ ಕೇಳಿದ್ದೇ ತಡ, ಚಿಕ್ಕಪ್ಪ ಇಂಜಿನ್ ಬಿಚ್ಚಿ ಪಡಸಾಲೆಯ ತುಂಬ ಹರವಿದರು. ಎಲ್ಲವೂ ರಿಪೇರಿಯಾಯಿತು. ಉಳಿದದ್ದು ಪಿಸ್ಟನ್ ರಾಡುಗಳನ್ನು ಹಿಡಿದಿಡುವ ಎಂಟು ಬೋಲ್ಟು. ಹಳೆಯವು ಹಿಗ್ಗಿವೆ, ಹೊಸವೇ ಆಗಬೇಕು.

ನನ್ನ ಸ್ಕೂಟರಿನಲ್ಲಿ ಅವರನ್ನು ದಾವಣಗೆರೆಯ ಮಂಡಿಪೇಟೆಗೆ ಎಷ್ಟು ಸಲ ಕರೆದೊಯ್ದೆನೋ!

“ಬರ್ರಿ, ಕೂಡ್ರಿ. ನೀವು ಕೇಳಿದ್ದಕ್ಕಿಂತ ಗಟ್ಟಿ ಐತೆ, ಪಕ್ಕಾ ಮಾಲು!” ಎಂದರು ಅಂಗಡಿಯವರು.

“ಬರೀ ಗಟ್ಟಿ ಆದ್ರ ಸಾಲದಪ್ಪ. ಎಳೆದಾಗ ಒಂದೀಟು ಬಗ್ಗಬೇಕು. ಹಟ ಮಾಡೋ ಬೋಲ್ಟು ಪಟ್ ಅಂತ ಮುರೀತೈತೆ.”

ಈ ಮಾತನ್ನು ಯಾರು ಹೇಳುತ್ತಿದ್ದಾರೆ ನೋಡಿ!

ಆನ್‌ಲೈನಿನಲ್ಲಿ ತರಿಸಿಕೊಟ್ಟೆ. ಮೂರು ಸಲವೂ ರಿಜೆಕ್ಟು. ಕೊನೆಗೆ ಕೊರಿಯರಿನವರೇ ಡಬ್ಬಿ ಕೊಟ್ಟು, “ಇಲ್ಲೇ ನಿಂತಿರ್ಲೇನ್ರಿ, ಹಂಗೇ ವಾಪಸ್ ಒಯ್ಯಾಕೆ?” ಎಂದು ಕೇಳತೊಡಗಿದರು.

ಇತ್ತ ಪ್ರತಿ ಅಮಾವಾಸ್ಯೆ ಚಿಕ್ಕಮ್ಮ ಸೀರೆ ಉಟ್ಟು, ಬುತ್ತಿ ಕಟ್ಟಿ, “ಬೋಲ್ಟು ಸರಿ ಆದ್ವೇನ್ರಿ?” ಎಂದು ಕೇಳುವರು. “ಇಲ್ಲ.” ಸರಿ, ಚೀಲ ಎತ್ತಿಕೊಂಡು, ಮಂಡಿನೋವಿನ ಕಾಲೆಳೆಯುತ್ತ ಬಸ್‌ಸ್ಟ್ಯಾಂಡಿಗೆ ನಡೆಯುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಂಥ ಮನುಷ್ಯ ಇವರು!

ಹೋದ ತಿಂಗಳು ನಾಲ್ಕನೇ ಡಬ್ಬಿ ಬಂತು. ನಾನು ಎದುರಿಗೇ ಕೂತೆ. ಚಿಕ್ಕಪ್ಪ ನಟ್ಟು ತಿರುಗಿಸುತ್ತ, “ಇದೂ ಸರಿ ಇಲ್ಲ” ಎಂದರು. ಮುಂದಿನದಕ್ಕೂ ಅದೇ ಮಾತು. ಅಷ್ಟರಲ್ಲಿ ಬೋಲ್ಟು ಕೆಂಪಾಗಿದ್ದು ಕಂಡಿತು.

“ಚಿಕ್ಕಪ್ಪಾ, ರಕ್ತ!”

“ಎಲ್ಲಿ?”

ನಟ್ಟಿನ ಚೂಪು ಅಂಚು ಅವರ ಹೆಬ್ಬೆರಳನ್ನು ಕೊಯ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಬೆರಳನ್ನೇ ನೋಡುತ್ತ ಮೆಲ್ಲಗೆ ಹೇಳಿದರು: “ಶುಗರ್ ಕಣೋ. ಎರಡು ವರ್ಷದಿಂದ ಬೆರಳಿಗೆ ಏನೂ ತಿಳಿಯಂಗಿಲ್ಲ. ಯಾವುದು ಚಲೋ, ಯಾವುದು ಕೆಟ್ಟದ್ದು ಗೊತ್ತಾಗದಿದ್ರ ಹೆಂಗೆ ಪಾಸ್ ಮಾಡ್ಲಿ? ಆ ಬೋಲ್ಟು ದಾರ್ಯಾಗ ಮುರಿದ್ರ? ಪಕ್ಕದಾಗ ಕೂರೋದು ನಿಮ್ಮ ಚಿಕ್ಕಮ್ಮ.”

ಬೈಯಲು ಬಾಯಿ ತೆರೆದಿದ್ದ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಡುಗೆಮನೆಯಿಂದ ಚಿಕ್ಕಮ್ಮ ಅರಿಶಿನ ತಂದು ಅವರ ಬೆರಳಿಗೆ ಒತ್ತಿದರು. “ಸುಡೋ ಲೋಟ ಹಿಡ್ಕಂಡು ಸುಮ್ನೆ ಕೂತಿರ್ತೀರಿ. ನನಗ ಗೊತ್ತಿಲ್ಲೇನು?”

“ನೋವಾಗ್ತಿಲ್ಲ, ಬಿಡೇ.”

“ನನಗ ಆಗ್ತೈತೆ.”

ಆಮೇಲೆ ಡಬ್ಬಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಜೀವಮಾನವಿಡೀ ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಬೆರಳುಗಳು ಒಂದೊಂದೇ ನಟ್ಟು ತಿರುಗಿಸಿದವು. “ಇದು ನುಣ್ಣಗ ಹೋಗ್ತೈತೆ. ಇದು ಅರ್ಧಕ್ಕೆ ತೊಡರ್ತೈತೆ, ಬ್ಯಾಡ.” ಡಬ್ಬಿಯಲ್ಲಿದ್ದ ಹನ್ನೆರಡರಲ್ಲಿ ನಾಲ್ಕನ್ನು ಮುಲಾಜಿಲ್ಲದೆ ಪಕ್ಕಕ್ಕಿಟ್ಟರು. ಚಿಕ್ಕಪ್ಪ ಆ ಕೈಗಳನ್ನೇ ನೋಡುತ್ತಿದ್ದರು.

“ಈ ಎಂಟೂ ಸರಿ ಅದಾವ್ರಿ.”

ಚಿಕ್ಕಪ್ಪ ಎಂಟನ್ನೂ ಬೊಗಸೆಯಲ್ಲಿ ಈಸಿಕೊಂಡರು. ಇಂಜಿನ್ನಿನ ಕಡೆ ತಿರುಗಿ ಹೇಳಿದರು:

“ಈ ಅಮಾಸಿಗೆ ನೀನು ಬಸ್ ಹತ್ತೋದು ಬ್ಯಾಡ.”