ಉಳಿದ ಚಂದ್ರ ಎಲ್ಲಿ?

ಮಾಲು ನೋಡಿದ ಕೂಡಲೇ ಬೆಲೆ ಕಟ್ಟುವುದು ನನ್ನ ಕಸುಬು. ಹಾಗಾಗಿ ಸ್ಯೂ ಲಾನ್ ಎಂಬ ಎಂಟು ವರ್ಷದ ಹುಡುಗಿ ಮೊದಲ ಸಲ ನಮ್ಮ ಮನೆ ಬಾಗಿಲಲ್ಲಿ ನಿಂತಾಗಲೂ ಕಣ್ಣು ತನ್ನ ಕೆಲಸ ಮಾಡಿಯೇಬಿಟ್ಟಿತು. ಪ್ಯಾಕಿಂಗ್ ಸಣ್ಣದು. ತೂಕ ಶಾಲೆಯ ಚೀಲ ಸೇರಿ ಇಪ್ಪತ್ತೈದು ಕಿಲೋ, ಅದರಲ್ಲಿ ಚೀಲದ್ದೇ ಸಿಂಹಪಾಲು. ಶೂ ಬಿಚ್ಚಿ ಗೋಡೆಗೆ ಸಮವಾಗಿ ಜೋಡಿಸಿಟ್ಟಳು, ಒಳ್ಳೆಯ ಕಂಪೆನಿ. ಜ್ಯೂಸ್ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಂಡಳು, ಸದ್ದಿಲ್ಲ, ಹಠವಿಲ್ಲ. ‘ನಾವು ಹೇಳಿದ್ದಕ್ಕೆಲ್ಲ ಹೂಂಗುಡುವ ಗಿರಾಕಿ’ ಎಂದು ತೀರ್ಮಾನಿಸಿದೆ. ದೋಹಾದ ಹಳೆಯ ಪೇಟೆ ಸೂಕ್‌ನಲ್ಲಿ ಹನ್ನೆರಡು ವರ್ಷ ಅಂಗಡಿ ನಡೆಸಿದ ಕಣ್ಣು ಅಷ್ಟು ದೊಡ್ಡದಾಗಿ ಎಡವಿದ್ದು ಅದೇ ಮೊದಲು!

ಅವಳು ನನ್ನ ಮಗಳು ಹಸ್ನಾಳ ಕ್ಲಾಸಿನವಳು. ಊರು ಮಲೇಷ್ಯಾದ ಇಪೋ, ಮನೆತನ ಚೀನೀಯರದ್ದು. ಅಪ್ಪ ಮೆಸಯೀದ್‌ನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅಮ್ಮ ಎರಡನೆಯ ಹೆರಿಗೆಗೆಂದು ಊರಿಗೆ ಹೋಗಿ ಮೂರು ತಿಂಗಳಾಗಿತ್ತು. ಅಪ್ಪನ ಶಿಫ್ಟ್ ಮುಗಿದು ಕಂಪೆನಿ ಬಸ್ಸು ನಾವಿರುವ ಅಲ್ ವಕ್ರಾಕ್ಕೆ ಬರುವವರೆಗೆ ಹುಡುಗಿ ನಮ್ಮಲ್ಲಿ ಇರುವುದೆಂದು ಮಾತಾಗಿತ್ತು. ಇದು ತೊಂಬತ್ತಾರರ ಸೆಪ್ಟೆಂಬರ್.

ಆ ವಾರ ವೆರೋನಿಕಾ ಟೀಚರ್ ಮಕ್ಕಳಿಗೆ ಬೇರೆ ದೇಶದ ಒಂದು ಹಬ್ಬದ ಬಗ್ಗೆ ಬರೆದು ತರಲು ಹೇಳಿದ್ದರು. ಹಸ್ನಾ ನನ್ನ ಮುಂದೆ ಬಂದು ನಿಂತಳು.

“ಉಪ್ಪ, ಸ್ಯೂ ಲಾನ್‌ದು ಮೂನ್ ಫೆಸ್ಟಿವಲ್ ಬರ್ತದೆ. ಅವಳ ಮಮ್ಮಿ ಇಲ್ಲ. ಆ ದಿನ ಮಮ್ಮಿ ಅಲ್ಲಿಂದ ಮೂನ್ ನೋಡುದು, ಇವಳು ಇಲ್ಲಿಂದ ನೋಡುದು, ಹಾಗೆ ಅವರದ್ದು ಪ್ಲ್ಯಾನ್. ನಮ್ಮ ಮನೆಯಲ್ಲೇ ಫೆಸ್ಟಿವಲ್ ಮಾಡುವಾ ಅಂತ ನಾನು ಪ್ರಾಮಿಸ್ ಮಾಡಿದೆ.”

“ಚೀನಾದ ಹಬ್ಬ ತಾನೇ!” ನಾನು ಎದೆ ಉಬ್ಬಿಸಿದೆ. “ಥರ್ಮಾಸ್, ಛತ್ರಿ, ಟಾರ್ಚು, ನೇಲ್ ಕಟ್ಟರ್, ಯಾವುದು ಚೀನಾದ್ದಲ್ಲ ನನ್ನ ಅಂಗಡಿಯಲ್ಲಿ? ಈ ಬಿಲ್ಡಿಂಗಿನ ಅಷ್ಟೂ ಮಕ್ಕಳಿಗೆ ಚೀನಾ ಅಂದರೆ ಏನೆಂದು ನಾನೇ ಕಲಿಸ್ತೇನೆ!”

ಅಡುಗೆಮನೆಯಿಂದ ಹೆಂಡತಿ ನಶೀದಾಳ ಸ್ವರ ಬಂತು. “ಫ್ಲಾಸ್ಕ್ ಮಾರಿದವರಿಗೆಲ್ಲ ಹಬ್ಬ ಗೊತ್ತಾಗುದಾದ್ರೆ, ಸೆಂಟ್ ಮಾರುವ ನನ್ನ ಅಣ್ಣ ಫ್ರಾನ್ಸಿನ ಪ್ರಧಾನಿ ಆಗ್ಬೇಕಿತ್ತು. ಟೀಚರ್ ಎಂತ ಬರೆದಿದ್ದಾರೆ ನೋಡಿ. ‘ನಿನ್ನ ಕ್ಲಾಸಿನವರನ್ನು ಕೇಳಿ ಬರೆ.’ ಆ ಮಗುವನ್ನೇ ಕೇಳಿ ಮಾರಾಯ್ರೇ.”

“ಎಂಟು ವರ್ಷದ ಮಕ್ಕಳ ಹತ್ರ ಕೇಳುದಾ? ಮತ್ತೆ ನನ್ನ ಮರ್ಯಾದೆ?”

“ನಿಮ್ಮ ಮರ್ಯಾದೆಗೆ ಎಂಟು ವರ್ಷ ಸಹ ಆಗಲಿಲ್ಲ” ಎಂದಳು.

ನನ್ನ ತರ್ಕ ಮಾತ್ರ ಕಬ್ಬಿಣದಂತಿತ್ತು. ಚಂದ್ರನ ಹಬ್ಬ. ಚಂದ್ರನ ವಿಷಯದಲ್ಲಿ ನಮಗೆ ಪಾಠ ಹೇಳುವವರು ಯಾರಿದ್ದಾರೆ? ಚಂದ್ರ ಕಂಡರೆ ನೋಂಬಿನ ಉಪವಾಸ, ಚಂದ್ರ ಕಂಡರೆ ಪೆರ್ನಾಳ್ ಹಬ್ಬ. ಹುಟ್ಟಿದಂದಿನಿಂದ ನಮ್ಮ ಕಣ್ಣು ಪಡುವಣದ ಆಕಾಶದಲ್ಲೇ ಪಳಗಿದೆ. ಅಮಾವಾಸ್ಯೆ ಕಳೆದ ಮೇಲೆ ಕೂದಲೆಳೆಯ ಹಾಗೆ ಕಾಣುತ್ತದಲ್ಲ, ಅದು ಚಂದ್ರ! ಹುಣ್ಣಿಮೆಯದ್ದನ್ನು ಯಾರಾದರೂ ಹುಡುಕುತ್ತಾರೆಯೇ? ಅದು ಕರೆಯದೆ ಬರುವ ಸರಕು.

ಗುರುವಾರ ರಜೆ. ಹಸ್ನಾ, ಸ್ಯೂ ಲಾನ್, ಕೆಳಗಿನ ಮನೆಯ ಕೃತಿಕ್ ಮತ್ತು ಮೋಕ್ಷಾ ಚಾಪೆಯ ಮೇಲೆ ಕೂತರು. ಹಾಂಗ್‌ಕಾಂಗಿನ ಕಂಪೆನಿ ಕಳಿಸಿದ್ದ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿ, ಸ್ಕೇಲು ಹಿಡಿದು, ನನ್ನ ಅಂಗಡಿ ಇಂಗ್ಲಿಷಿನಲ್ಲಿ ಪಾಠ ಸುರುಮಾಡಿದೆ. ಚಿತ್ರದಲ್ಲಿ ಒಬ್ಬ ಹೆಂಗಸು, ಒಂದು ಮೊಲ, ಹಿಂದೆ ಗುಂಡಗೆ ದೊಡ್ಡ ಚಂದ್ರ.

“ಚಂದ್ರ ಕಂಡ ಸಂಜೆಯೇ ಹಬ್ಬ. ಶನಿವಾರ ಕಾಣ್ತದೆ!”

ಸ್ಯೂ ಲಾನ್ ಕೈ ಎತ್ತಿದಳು. “ಡೌಟು ಕೊನೆಗೆ” ಎಂದೆ.

“ಅಂಕಲ್, ಇಲ್ಲಿ ಚಂದ್ರ ರೌಂಡ್ ಉಂಟಲ್ಲ?” ಕೃತಿಕ್ ಕೇಳಿದ.

“ಅದು ಚಿತ್ರಗಾರನ ಕೆಲಸ. ಅವನಿಗೆ ಜಾಗ ತುಂಬಬೇಕಿತ್ತು.”

ಸ್ಯೂ ಲಾನ್ ಮತ್ತೆ ಕೈ ಎತ್ತಿದಳು. ಮೊಲವನ್ನು ಹಬ್ಬದ ಸಾರಿಗೆ ತಂದದ್ದೆಂದು ನಾನು ವಿವರಿಸುವಾಗ ಮೂರನೆಯ ಸಲವೂ ಎತ್ತಿದಳು. ಈ ಸಲ ಸ್ವಲ್ಪ ಗಾಬರಿಯಿಂದ. ನಾನು ಪಾಠದ ರಭಸದಲ್ಲಿದ್ದೆ. ಎತ್ತಿದ ಕೈ ಹಾಗೆಯೇ ಕೆಳಗಿಳಿಯಿತು.

ಮುಂದಿನ ಎರಡು ದಿನ ಮನೆ ಕಾರ್ಖಾನೆಯಾಯಿತು! ಗೋದಾಮಿನ ಕಾಗದದ ಲಾಟೀನುಗಳು ಮನೆಗೆ ಬಂದವು. ಒಂದೊಂದಕ್ಕೂ ಚಿನ್ನದ ಕಾಗದದ ಕುಡಿಚಂದ್ರ ಅಂಟಿಸಿದೆವು. ಹಬ್ಬಕ್ಕೆ ಕೇಕ್ ಇರಬೇಕೆಂದು ಗೊತ್ತಿತ್ತು. ಖರ್ಜೂರ ತುಂಬಿಸಿ, ಚಂದ್ರನ ಆಕಾರಕ್ಕೇ ಬಗ್ಗಿಸಿ ಸುಡಲು ನಶೀದಾಳಿಗೆ ಅಪ್ಪಣೆಯಾಯಿತು. ಅವಳು ತಟ್ಟೆ ತಂದು ನನ್ನ ಮುಂದೆ ಕುಕ್ಕಿದಳು.

“ಇದು ಚಂದ್ರನಾ, ಯಾರೋ ಉಗುರು ಕತ್ತರಿಸಿ ಬಿಸಾಡಿದ್ದಾ?”

ಶನಿವಾರ ಮುಸ್ಸಂಜೆಯ ಮಗ್ರಿಬ್ ನಮಾಜು ಮುಗಿದದ್ದೇ, ಮಕ್ಕಳ ಸೈನ್ಯದೊಂದಿಗೆ ತಾರಸಿಗೆ ದಂಡೆತ್ತಿ ಹೋದೆ. ಎಲ್ಲರ ಕೈಗೂ ಅಂಗಡಿಯ ಆಟಿಕೆ ದುರ್ಬೀನು. ಪಡುವಣದ ಧೂಳಿನಲ್ಲಿ ಕಣ್ಣು ಕಿರಿದಾಗಿಸಿ ಹುಡುಕಿ, ಕೊನೆಗೆ ನಾನೇ ಕಂಡುಹಿಡಿದೆ. “ಅಗೋ! ಕಂಡಿತು!” ಮಕ್ಕಳು ಕೇಕೆ ಹಾಕಿದರು. ಎರಡನೆಯ ಮಹಡಿಯ ಆಮಿನಮ್ಮ ಕಿಟಕಿಯಿಂದ ಕೂಗಿದರು.

“ಇಬ್ರಾಯೀ, ಚಂದ್ರ ಕಂಡಿತಾ?”

“ಕಂಡಿತು, ಆಮಿನಮ್ಮ!”

ಲಾಟೀನು ಹಚ್ಚಿದೆವು. ಕೇಕ್ ಹಂಚಿದೆವು. ಗೆದ್ದ ಸುಲ್ತಾನನ ಹಾಗೆ ಸ್ಯೂ ಲಾನ್ ಕಡೆ ತಿರುಗಿದೆ. ಅವಳು ಕೇಕನ್ನು ಎರಡೂ ಕೈಯಲ್ಲಿ ಹಿಡಿದು ಆಕಾಶದ ಆ ಗೆರೆಯನ್ನೇ ನೋಡುತ್ತಿದ್ದಳು.

“ಅಂಕಲ್, ಉಳಿದ ಚಂದ್ರ ಎಲ್ಲಿ?”

ನಾನು ನಕ್ಕೆ. ಅವಳು ನಗಲಿಲ್ಲ.

“ನಮ್ಮದು ಫುಲ್ ಮೂನ್, ಅಂಕಲ್. ಅಮ್ಮ ಇವತ್ತು ನೋಡುವುದಿಲ್ಲ. ಕತಾರಿನಲ್ಲಿ ಹಬ್ಬ ಮುಗಿದುಹೋಯಿತಾ?”

“ಮೊದಲೇ ಹೇಳಬಾರದಿತ್ತಾ ಮಗಾ?”

“ಮೂರು ಸಲ ಕೈ ಎತ್ತಿದೆ, ಅಂಕಲ್.”

ದೂರು ಹೇಳುವ ಸ್ವರವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬಹಳ ಮರ್ಯಾದೆಯಿಂದ, ಕೇಳಿದ್ದಕ್ಕೆ ಉತ್ತರ ಎಂಬಂತೆ ಹೇಳಿದಳು. ಕಣ್ಣಿನಿಂದ ಎರಡು ಹನಿ ಮಾತ್ರ ಕೇಳದೆಯೇ ಇಳಿದವು. ನಶೀದಾ ಅವಳನ್ನು ಹತ್ತಿರ ಎಳೆದುಕೊಂಡಳು.

“ಮುಗಿಯಲಿಲ್ಲ ಮಗಾ. ಇದು ಅಂಕಲ್‌ನ ಹಬ್ಬ. ನಿನ್ನದು ಇನ್ನು ಬರಲಿಕ್ಕುಂಟು.”

ಮರುದಿನ ಎರಡು ಶಿಕ್ಷೆ ಕಾದಿದ್ದವು. ಮೊದಲನೆಯದು, ಮಧ್ಯಾಹ್ನ ಮೆಟ್ಟಿಲಲ್ಲಿ ಸಿಕ್ಕಿದ ಆಮಿನಮ್ಮ. ಮುಖ ಬಾಡಿತ್ತು.

“ಯಾವ ನೋಂಬು ಇದು ಇಬ್ರಾಯೀ? ನೀನು ಚಂದ್ರ ಕಂಡಿತು ಅಂದೆ, ಮಕ್ಕಳು ಬೊಬ್ಬೆ ಹಾಕಿದರು. ಯಾವುದಕ್ಕೂ ಇರಲಿ ಅಂತ ಉಪವಾಸ ಹಿಡಿದೆ!”

ನಾನು ತಲೆ ತಗ್ಗಿಸಿ ಚೀನಾದ ವೃತ್ತಾಂತ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿದರು. “ಹಿಡಿದದ್ದು ಹಿಡಿದಾಯ್ತು. ಸಂಜೆವರೆಗೆ ಬಿಡುದಿಲ್ಲ. ಪುಣ್ಯ ಆ ಹುಡುಗಿಯ ಅಮ್ಮನಿಗೆ ಹೋಗಲಿ, ಹೆರಿಗೆ ಸುಲಭ ಆಗಲಿ.”

ಎರಡನೆಯ ಶಿಕ್ಷೆ ಹಸ್ನಾ. ಬೆಳಿಗ್ಗೆಯಿಂದ ಮಾತಿಲ್ಲ. ಸಂಜೆಗೆ ಒಂದೇ ವಾಕ್ಯ ಬಂತು. “ಪ್ರಾಮಿಸ್ ಮಾಡಿದ್ದು ನಾನು, ಉಪ್ಪ. ಹಾಳು ಮಾಡಿದ್ದು ನೀವು.”

ಅಂಗಡಿಯಲ್ಲಿ ಗಿರಾಕಿ ಕೇಳಿದ ಮಾಲು ಇಲ್ಲದಿದ್ದರೂ ‘ಮಾಫಿ’, ಅಂದರೆ ‘ಇಲ್ಲ’, ಎನ್ನದೆ ಬೇರೆ ಏನನ್ನಾದರೂ ದಾಟಿಸುವ ಗಂಡು ನಾನು. ಆ ಸಂಜೆ ದಾಟಿಸಲು ಏನೂ ಸಿಗಲಿಲ್ಲ. ಇಬ್ಬರು ಹುಡುಗಿಯರೂ ಹೋಮ್‌ವರ್ಕ್ ಮಾಡುತ್ತಿದ್ದ ಚಾಪೆಯ ತುದಿಯಲ್ಲಿ ಹೋಗಿ ಕೂತೆ. ಗಂಟಲು ಸರಿಮಾಡಿದೆ. ಇನ್ನೊಮ್ಮೆ ಸರಿಮಾಡಿದೆ.

“ಸ್ಯೂ ಲಾನ್, ನನಗೆ ಗೊತ್ತಿಲ್ಲ. ನೀನು ಹೇಳಿಕೊಡು.”

ಹಸ್ನಾ ತಲೆ ಎತ್ತಿ ನನ್ನನ್ನು ನೋಡಿದಳು. ಅಂಥ ನೋಟ, ನಾನು ಸೈಕಲ್ ತಂದುಕೊಟ್ಟ ದಿನವೂ ಸಿಕ್ಕಿರಲಿಲ್ಲ.

ಹುಡುಗಿ ಹೇಳಿದಳು, ಹಸ್ನಾ ಬರೆದಳು. ಹಬ್ಬ ಅವರ ಎಂಟನೆಯ ತಿಂಗಳ ಹುಣ್ಣಿಮೆಗೆ. ಮೊಲ ಸಾರಿಗಲ್ಲ, ಚಂದ್ರನ ಮೇಲೆ ಕೂತು ಒರಳಿನಲ್ಲಿ ಮದ್ದು ಕುಟ್ಟುವ ಮೊಲ ಅದು. ಕ್ಯಾಲೆಂಡರಿನ ಆ ಹೆಂಗಸು ಚಂದ್ರನಲ್ಲೇ ಉಳಿದುಹೋದವಳು. ಕೇಕ್ ಗುಂಡಗಿರಬೇಕು, ಯಾಕೆಂದರೆ ಮನೆಯವರೆಲ್ಲ ಒಟ್ಟು ಸೇರುವ ದಿನ. ಮನೆಯಲ್ಲಿ ಎಷ್ಟು ಜನವೋ ಅಷ್ಟೇ ತುಂಡು ಮಾಡುವುದು. ದೂರ ಇರುವವರಿಗೂ ಒಂದು ತುಂಡು ಇಡುವುದು. ಅಷ್ಟು ಹೇಳಿ ಅವಳು ರಬ್ಬರಿನಿಂದ ಏನೂ ಇಲ್ಲದ ಜಾಗವನ್ನು ಉಜ್ಜಿದಳು.

ಇಪ್ಪತ್ತೇಳನೆಯ ತಾರೀಕು, ಶುಕ್ರವಾರ, ಹುಣ್ಣಿಮೆ. ಸ್ಯೂ ಲಾನಳ ಅಪ್ಪ ಮೆಸಯೀದ್‌ನಿಂದ ಬಂದರು, ಕೈಯಲ್ಲಿ ಸಿಂಗಾಪುರದ ಗೆಳೆಯ ತಂದುಕೊಟ್ಟ ಕೇಕಿನ ಡಬ್ಬಿ, ಬಾಯಲ್ಲಿ ಹೊಸ ಸುದ್ದಿ: ಗಂಡುಮಗು, ಇಬ್ಬರೂ ಆರಾಮ! ಆಮಿನಮ್ಮ ತಮ್ಮ ಉಪವಾಸದ ಕಡೆಗೆ ಎಲ್ಲರ ಗಮನ ಸೆಳೆದರು.

ಈ ಸಲವಾದರೂ ನನ್ನಿಂದ ಒಂದು ಉಪಕಾರ ಆಗಲೆಂದು, ಎಲ್ಲರಿಗಿಂತ ಮೊದಲೇ ತಾರಸಿಗೆ ಹೋಗಿ ಚಾಪೆ ಹಾಸಿ, ಮುಂದಿನ ಸಾಲಿನಲ್ಲಿ ಕೂತು, ಆಕಾಶದಲ್ಲಿ ಕಣ್ಣು ನೆಟ್ಟೆ. ಐದು ನಿಮಿಷ ಕಳೆಯಿತು. ಹತ್ತಾಯಿತು. ಬೆನ್ನ ಹಿಂದೆ ಗುಸುಗುಸು, ಕಿಸಿಕಿಸಿ. ಯಾರದೋ ಸಣ್ಣ ಕೈಗಳು ನನ್ನ ಎರಡೂ ಭುಜ ಹಿಡಿದು, ಕಪಾಟು ತಿರುಗಿಸಿದ ಹಾಗೆ ಇಡೀ ನನ್ನನ್ನೇ ತಿರುಗಿಸಿದವು.

ಅಲ್ಲಿ ಸಮುದ್ರದ ಮೇಲೆ, ತಾಮ್ರದ ಹರಿವಾಣದಷ್ಟು ದೊಡ್ಡ ಚಂದ್ರ ಆಗಲೇ ಮೇಲೆ ಬಂದಿದ್ದ. ಎಲ್ಲರೂ ಮೂಡಣಕ್ಕೆ ಮುಖ ಮಾಡಿ ಕೂತಿದ್ದರು, ನಾನೊಬ್ಬನೇ ಪಡುವಣಕ್ಕೆ!

“ಚೀನಾ ಇರುದು ಆಚೆ ದಿಕ್ಕಿಗೆ, ಮಾರಾಯ್ರೇ” ಎಂದಳು ನಶೀದಾ.

ಅಪ್ಪನ ವಾಚು ನೋಡಿ ಹುಡುಗಿ ಲೆಕ್ಕ ಮಾಡಿದಳು: ಇಲ್ಲಿ ಆರು, ಇಪೋದಲ್ಲಿ ಹನ್ನೊಂದು. ತಾರಸಿಯ ಗೋಡೆಯ ಹತ್ತಿರ ಹೋಗಿ ಚಂದ್ರನಿಗೆ ಕೈ ಬೀಸಿದಳು, ಬಸ್ಸಿನಲ್ಲಿ ಕೂತವರಿಗೆ ಬೀಸುವ ಹಾಗೆ. ಪಕ್ಕದಲ್ಲಿ ಹಸ್ನಾಳೂ ಬೀಸಿದಳು. ಆಮೇಲೆ ಕೇಕ್ ಕತ್ತರಿಸಿ, ಅಮ್ಮನಿಗೂ ಹೊಸ ತಮ್ಮನಿಗೂ ಒಂದೊಂದು ತುಂಡು ಎತ್ತಿಟ್ಟು, ಉಳಿದವುಗಳಲ್ಲಿ ಮೊದಲನೆಯದನ್ನು ನನಗೇ ತಂದುಕೊಟ್ಟಳು.

ಮಗಳ ಎದುರು ‘ನನಗೆ ಗೊತ್ತಿಲ್ಲ’ ಎಂದು ಹೇಳಲು ನನಗೆ ಬಂದದ್ದು ಆ ಹುಡುಗಿಯಿಂದ. ಅದಕ್ಕೆ ನಾನು ಸ್ಯೂ ಲಾನ್‌ಗೆ ಋಣಿ.